ಬೇಡ ಎನ್ನುವವರ ದುಡ್ಡು

ಗಣೇಶನ ಪೆಂಡಾಲಿನಲ್ಲಿ ಚಂದಾ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುವುದನ್ನು ಕೇಳಿದ್ದೀರಲ್ಲ? ಐನೂರು ಕೊಟ್ಟ ಕಿರಾಣಿ ಅಂಗಡಿಯವರ ಹೆಸರು ಒಂದು ಸಲ, ಐದು ಸಾವಿರ ಕೊಟ್ಟ ಕಂಟ್ರಾಕ್ಟರರ ಹೆಸರು ಎರಡು ಹಾಡಿಗೊಮ್ಮೆ. ಕೂಗುವುದು ಮರೆತರೆ ಮುಂದಿನ ವರ್ಷ ರಸೀದಿ ಪುಸ್ತಕ ಹಿಡಿದು ಅವರ ಬಾಗಿಲಿಗೆ ಹೋಗುವ ಹಾಗಿಲ್ಲ. ದುಡ್ಡು ಕೊಟ್ಟವರು ತಮ್ಮ ಹೆಸರು ನಾಲ್ಕು ಜನಕ್ಕೆ ಕೇಳಲಿ ಎಂದು ಬಯಸುವುದು ಸಹಜವೇ. ಚುನಾವಣೆಗೆ ದುಡ್ಡು ಕೊಡುವವರ ರೀತಿಯೇ ಬೇರೆ. ಹೆಚ್ಚು ಕೊಟ್ಟಷ್ಟೂ ಹೆಸರು ಹೊರಗೆ ಬಾರದಿದ್ದರೆ ಸಾಕು ಎನ್ನುತ್ತಾರೆ. ಯಾಕಿರಬಹುದು ಹೇಳಿ?

ಈ ಪ್ರಶ್ನೆ ನನ್ನನ್ನು ಹಿಡಿದದ್ದು ಅಮೆರಿಕದ ಗಾಂಜಾ ಮತದಾನಗಳ ವಿಷಯ ಓದುವಾಗ. ಗಾಂಜಾಕ್ಕೂ ಮತದಾನಕ್ಕೂ ಏನು ನಂಟು ಎಂದು ಹುಬ್ಬೇರಿಸಬೇಡಿ. ಅಲ್ಲಿ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಒಂದು ಪದ್ಧತಿ ಇದೆ: ಇಂತಿಷ್ಟು ಜನರ ಸಹಿ ಕೂಡಿಸಿದರೆ ಒಂದು ಕಾನೂನನ್ನು ನೇರವಾಗಿ ಮತಪತ್ರದ ಮೇಲೆ ತರಬಹುದು, ಶಾಸಕರ ಮನೆ ಬಾಗಿಲು ಕಾಯಬೇಕಿಲ್ಲ. 1996ರಲ್ಲಿ ಕ್ಯಾಲಿಫೋರ್ನಿಯಾದವರು ಔಷಧಿಗಾಗಿ ಗಾಂಜಾ ಬಳಸಬಹುದು ಎಂದು ಹೀಗೇ ಮತ ಹಾಕಿ ಹೇಳಿದರು. 2012ರಲ್ಲಿ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯದವರು ಔಷಧಿಯ ಮಾತೇ ಬೇಡ, ದೊಡ್ಡವರು ಸೇದುವುದಾದರೆ ಸೇದಲಿ ಎಂದುಬಿಟ್ಟರು. ಅಲ್ಲಿಂದೀಚೆಗೆ ಎರಡು ವರ್ಷಕ್ಕೊಮ್ಮೆ ಒಂದಲ್ಲ ಒಂದು ರಾಜ್ಯದಲ್ಲಿ ಈ ಜಗ್ಗಾಟ ನಡೆದೇ ಇದೆ. ಟೀವಿಯಲ್ಲಿ ಜಾಹೀರಾತು, ಅಂಚೆಯಲ್ಲಿ ಕರಪತ್ರ, ರಸ್ತೆ ಬದಿಯಲ್ಲಿ ಫಲಕ, ಇವಕ್ಕೆಲ್ಲ ಕೋಟಿಗಟ್ಟಲೆ ಬೇಕು. ‘ಬೇಕು’ ಎನ್ನುವವರಿಗೆ ಯಾರು ಕೊಡುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ನಾಳೆ ಅಂಗಡಿ ತೆರೆಯುವವರು ಕೊಡುತ್ತಾರೆ. ‘ಬೇಡ’ ಎನ್ನುವವರಿಗೆ? ಮಾರುವುದಕ್ಕೆ ಏನೂ ಇಲ್ಲದೆ, ಮಕ್ಕಳು ಕೆಡಬಾರದು ಎಂದಷ್ಟೇ ಹೇಳುವವರಿಗೆ ಯಾರು ಕೊಡುತ್ತಾರೆ?

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಎಳೆಯರ ಕೈಗೆ ಗಾಂಜಾ ಸಿಗಬಾರದು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಬೆಳೆಯುವ ಮಿದುಳಿಗೆ ಅದು ಕೇಡು. ಈ ದುಡ್ಡಿನ ಲೆಕ್ಕ ನನಗೆ ಮುಖ್ಯವಾಗಿ ಕಾಣುವುದೂ ಅದಕ್ಕೇ. ಮಕ್ಕಳ ಹೆಸರು ಹೇಳಿಕೊಂಡು ಯಾರು ಬಂದಿದ್ದಾರೆ ಎಂದು ಮಕ್ಕಳ ಮೇಲೆ ಕಾಳಜಿ ಇರುವವರೇ ವಿಚಾರಿಸಬೇಕಲ್ಲವೆ?

ಅರಿಜೋನಾದ ಕತೆ ಕೇಳಿ. 2016ರಲ್ಲಿ ಅಲ್ಲಿ ಗಾಂಜಾವನ್ನು ಕಾನೂನುಬದ್ಧ ಮಾಡುವ 205ನೇ ಪ್ರಸ್ತಾವ ಮತಕ್ಕೆ ಬಂತು. ಅದನ್ನು ವಿರೋಧಿಸುತ್ತಿದ್ದ ಸಮಿತಿಗೆ 5 ಲಕ್ಷ ಡಾಲರ್ ಕೊಟ್ಟದ್ದು ಇನ್ಸಿಸ್ ಥೆರಪ್ಯೂಟಿಕ್ಸ್ ಎಂಬ ಔಷಧ ಕಂಪನಿ, ಫೀನಿಕ್ಸ್ ಪಕ್ಕದ ಚಾಂಡ್ಲರ್ ಊರಿನದು. ಈ ಪ್ರಸ್ತಾವ ಜನರನ್ನು, ಅದರಲ್ಲೂ ಮಕ್ಕಳನ್ನು ಕಾಪಾಡುವಂತಿಲ್ಲ, ಅದಕ್ಕೇ ನಮ್ಮ ವಿರೋಧ ಎಂದು ಕಂಪನಿ ಹೇಳಿಕೆ ಕೊಟ್ಟಿತು. ಒಳ್ಳೆಯ ಮಾತೇ. ಆದರೆ ಆ ಕಂಪನಿ ಮಾರುತ್ತಿದ್ದುದು ಏನನ್ನು ಗೊತ್ತೆ? ಫೆಂಟನಿಲ್. ನಾಲಿಗೆಯ ಕೆಳಗೆ ಸಿಂಪಡಿಸಿಕೊಳ್ಳುವ ಫೆಂಟನಿಲ್, ಹೆಸರು ಸಬ್ಸಿಸ್. ಮಾರ್ಫಿನ್ನಿಗಿಂತ ನೂರು ಪಟ್ಟು ಜೋರು. ಕ್ಯಾನ್ಸರಿನ ತಾಳಲಾರದ ನೋವಿಗೆ ಮಾತ್ರ ಎಂದು 2012ರಲ್ಲಿ ಒಪ್ಪಿಗೆ ಪಡೆದದ್ದನ್ನು ಕ್ಯಾನ್ಸರ್ ಇಲ್ಲದವರಿಗೂ ಬರೆಸಲು ವೈದ್ಯರಿಗೆ ದುಡ್ಡು ಕೊಟ್ಟರು. ಲಂಚ ಎಂದು ಹೆಸರಿಡಲಿಲ್ಲ, ಭಾಷಣದ ಸಂಭಾವನೆ ಎಂದರು. ಭಾಷಣ ಕೇಳುವವರು ಇದ್ದರೋ ಇಲ್ಲವೋ, ಸಂಭಾವನೆಯಂತೂ ಹೋಗುತ್ತಿತ್ತು. ಇವರ ಮಾರಾಟ ವಿಭಾಗದವರು ಒಂದು ಹಾಡು ಕಟ್ಟಿ ಕುಣಿದು ವಿಡಿಯೋ ಮಾಡಿದ್ದರು. ಔಷಧಿ ಬಾಟಲಿಯ ವೇಷ ತೊಟ್ಟು ಕುಣಿದದ್ದು ಆ ವಿಭಾಗದ ಮುಖ್ಯಸ್ಥನೇ. ಡೋಸು ಏರಿಸುತ್ತಾ ಹೋಗಿ ಎನ್ನುವುದು ಹಾಡಿನ ತಿರುಳು. 2019ರಲ್ಲಿ ಬೋಸ್ಟನ್ನಿನ ನ್ಯಾಯಾಲಯದಲ್ಲಿ ಆ ವಿಡಿಯೋವನ್ನು ಜ್ಯೂರಿಗೆ ತೋರಿಸಿದರು. ಅದರ ಬಗ್ಗೆ ಓದಿದಾಗ ನನಗೆ ನಗು ಬರಲಿಲ್ಲ. ಆ ಡೋಸು ಏರಿದ್ದು ಯಾರದೋ ತಾಯಿಗೆ, ಯಾರದೋ ಮಗಳಿಗೆ.

ಕಂಪನಿಯ ಸ್ಥಾಪಕ ಜಾನ್ ಕಪೂರ್ ಅಮೃತಸರದಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಓದಿ, ಅಮೆರಿಕದ ಬಫಲೊಗೆ ಹೋಗಿ ಔಷಧ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಶತಕೋಟ್ಯಧೀಶರಾದವರು. ಓದಿದ ವಿಶ್ವವಿದ್ಯಾಲಯಕ್ಕೆ ಕೈತುಂಬ ಕೊಟ್ಟರು. ಅಲ್ಲೊಂದು ಕಟ್ಟಡಕ್ಕೆ ಅವರ ಹೆಸರನ್ನೇ ಇಟ್ಟಿದ್ದರು. 2020ರ ಜನವರಿಯಲ್ಲಿ ಅವರಿಗೆ ಐದೂವರೆ ವರ್ಷ ಜೈಲು ಶಿಕ್ಷೆಯಾಯಿತು. ಕಟ್ಟಡದಿಂದ ಹೆಸರೂ ಇಳಿಯಿತು.

ಎಲ್ಲಿದ್ದೆ? ಹಾಂ, ಗಾಂಜಾ ಮೇಲೆ ಈ ಕಂಪನಿಗೆ ಯಾಕೆ ಸಿಟ್ಟು ಎನ್ನುವಲ್ಲಿ. ಗಾಂಜಾದಲ್ಲಿ ಮತ್ತು ಬರಿಸುವ ಅಂಶ ಟಿಎಚ್‌ಸಿ. ಅದನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ, ದ್ರವರೂಪದ ಔಷಧಿ ಮಾಡಿ, ಸಿಂಡ್ರೋಸ್ ಎಂದು ಹೆಸರಿಟ್ಟು ಇವರು ಸರ್ಕಾರದ ಒಪ್ಪಿಗೆಗೆ ಕಾದಿದ್ದರು. 2016ರ ಜುಲೈನಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ತಿಂಗಳು ಕಳೆಯುವುದರೊಳಗೆ ಆ 5 ಲಕ್ಷ ಡಾಲರ್ ಹೋಯಿತು. ಗಾಂಜಾ ಕಾನೂನುಬದ್ಧವಾದರೆ ನಮ್ಮ ಔಷಧಿಯ ಮಾರುಕಟ್ಟೆ ಕುಗ್ಗೀತು ಎಂದು ಈ ಕಂಪನಿ ತನ್ನ ಹೂಡಿಕೆದಾರರಿಗೆ ಬಹಳ ಹಿಂದೆಯೇ ಬರೆದುಕೊಟ್ಟಿತ್ತು. ಹೂಡಿಕೆದಾರರಿಗೆ ಮಾರುಕಟ್ಟೆಯ ಮಾತು, ಮತದಾರರಿಗೆ ಮಕ್ಕಳ ಮಾತು. 205ನೇ ಪ್ರಸ್ತಾವ ಬಿದ್ದುಹೋಯಿತು, ಹೆಚ್ಚು ಅಂತರದಿಂದಲೂ ಅಲ್ಲ; ನೂರಕ್ಕೆ 51 ಚಿಲ್ಲರೆ ಜನ ಬೇಡ ಎಂದರು. ನಾಲ್ಕು ವರ್ಷದ ಮೇಲೆ ಅದೇ ಅರಿಜೋನಾದಲ್ಲಿ ನೂರಕ್ಕೆ ಅರವತ್ತು ಜನ ಬೇಕು ಎಂದರು. ಅಷ್ಟು ಹೊತ್ತಿಗೆ ಇನ್ಸಿಸ್ ದಿವಾಳಿ ಎದ್ದಿತ್ತು.

ಹಾಗೆಂದು ಪ್ರತಿ ದೇಣಿಗೆಯ ಹಿಂದೆಯೂ ಒಂದು ಅಂಗಡಿ ಇರುತ್ತದೆ ಎಂದುಕೊಳ್ಳಬೇಡಿ. ಅದೇ ವರ್ಷ ಅದೇ ಸಮಿತಿಗೆ ಡಿಸ್ಕೌಂಟ್ ಟೈರ್ ಎಂಬ ಕಂಪನಿ 10 ಲಕ್ಷ ಡಾಲರ್ ಕೊಟ್ಟಿತು, ಇನ್ಸಿಸ್ ಕೊಟ್ಟದ್ದರ ಎರಡರಷ್ಟು. ಟೈರಿಗೂ ಗಾಂಜಾಕ್ಕೂ ಏನು ಸ್ಪರ್ಧೆ? ನಾನಂತೂ ಎಷ್ಟು ಯೋಚಿಸಿದರೂ ಅಲ್ಲಿ ಲಾಭದ ದಾರಿ ಕಾಣಲಿಲ್ಲ. ಮನುಷ್ಯರು ನಂಬಿದ್ದಕ್ಕೂ ದುಡ್ಡು ಕೊಡುತ್ತಾರೆ.

ಮದ್ಯದವರ ವಿಷಯ ಕೇಳಿದರೆ ಬೇರೆಯೇ ರುಚಿ. 2010ರಲ್ಲಿ ಕ್ಯಾಲಿಫೋರ್ನಿಯಾದ 19ನೇ ಪ್ರಸ್ತಾವಕ್ಕೆ ವಿರುದ್ಧವಾಗಿ ಅಲ್ಲಿನ ಬಿಯರ್ ವಿತರಕರ ಸಂಘ 10,000 ಡಾಲರ್ ಕೊಟ್ಟಿತು. ದೊಡ್ಡ ಮೊತ್ತವಲ್ಲ; ಆದರೂ ಬಿಯರ್ ಮಾರುವವರು ಮತ್ತು ಪೊಲೀಸ್ ಮುಖ್ಯಸ್ಥರ ಸಂಘದವರು ಒಂದೇ ಸಮಿತಿಗೆ ಹಣ ಹಾಕಿದ್ದು ಕಂಡು ಜನ ಕಣ್ಣರಳಿಸಿದರು. ಅದಕ್ಕೂ ಹಿಂದೆ, 1987ರಲ್ಲಿ, ಬಾಣಲೆಯಲ್ಲಿ ಮೊಟ್ಟೆ ಒಡೆದು ಹುರಿದು, ಮಾದಕವಸ್ತು ತಿಂದ ಮಿದುಳು ಹೀಗಾಗುತ್ತದೆ ಎಂದು ತೋರಿಸಿದ ಜಾಹೀರಾತು ಅಮೆರಿಕದ ಮನೆಮನೆಯ ಟೀವಿಯಲ್ಲೂ ಬಂದಿತ್ತು. ಅದನ್ನು ಮಾಡಿಸಿದ ಸಂಸ್ಥೆಗೆ ಸಿಗರೇಟು, ಬಿಯರ್ ಕಂಪನಿಗಳ ದೇಣಿಗೆಯೂ ಇತ್ತು ಎಂಬುದು 1992ರಲ್ಲಿ ಬೆಳಕಿಗೆ ಬಂತು. ಆ ಜಾಹೀರಾತು ನೋಡಿ ಎಷ್ಟೋ ಮಕ್ಕಳು ಗಾಂಜಾದಿಂದ ದೂರ ಉಳಿದಿರಲೂಬಹುದು. ಆದರೆ ಸಿಗರೇಟಿನಿಂದ ಮಿದುಳು, ಹೃದಯ, ಶ್ವಾಸಕೋಶ ಏನಾಗುತ್ತದೆ ಎಂದು ತೋರಿಸಲು ಆ ಸಂಸ್ಥೆ ಒಂದು ಬಾಣಲೆಯನ್ನೂ ಒಲೆಯ ಮೇಲಿಡಲಿಲ್ಲ. ದೇಣಿಗೆಯ ಪರಿಣಾಮ ಆಡಿದ ಮಾತಿನಲ್ಲಿ ಕಾಣದು, ಆಡದೆ ಬಿಟ್ಟ ಮಾತಿನಲ್ಲಿ ಹುಡುಕಬೇಕು.

ಈ ಮದ್ಯದವರೇ ಆಮೇಲೆ ಹೇಗೆ ತಿರುಗಿದರು ನೋಡಿ. ಅಮೆರಿಕದಲ್ಲಿ ಕೊರೋನಾ ಬಿಯರ್ ಮಾರುವ ಕಾನ್ಸ್ಟೆಲೇಷನ್ ಬ್ರಾಂಡ್ಸ್ 2018ರಲ್ಲಿ ಕೆನಡಾದ ಕ್ಯಾನೊಪಿ ಗ್ರೋತ್ ಎಂಬ ಗಾಂಜಾ ಕಂಪನಿಗೆ ಸುಮಾರು 400 ಕೋಟಿ ಡಾಲರ್ ಸುರಿಯಿತು. ತಡೆಯಲು ಆಗದಿದ್ದರೆ ಪಾಲು ಕೊಳ್ಳುವುದು ವ್ಯಾಪಾರಿಗಳ ಹಳೆಯ ಪದ್ಧತಿ.

ಇಲ್ಲೊಂದು ಸೊಗಸಾದ ವಿಚಾರ ನೆನಪಾಯಿತು. ಬ್ರೂಸ್ ಯಾಂಡಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1983ರಲ್ಲಿ ಒಂದು ಲೇಖನ ಬರೆದರು. ಭಾನುವಾರ ಮದ್ಯದಂಗಡಿ ಮುಚ್ಚಬೇಕು ಎಂಬ ಕಾನೂನನ್ನು ಬೆಂಬಲಿಸುವವರು ಯಾರು ಎಂದು ಅವರ ಪ್ರಶ್ನೆ. ಒಂದು ಕಡೆ ಚರ್ಚಿನವರು; ದೇವರ ದಿನ ಜನ ಕುಡಿಯಬಾರದು. ಇನ್ನೊಂದು ಕಡೆ ಕಳ್ಳಭಟ್ಟಿಯವರು. ಅಂಗಡಿ ಮುಚ್ಚಿದರೆ ಭಾನುವಾರದ ವ್ಯಾಪಾರವೆಲ್ಲ ಅವರದೇ. ಒಬ್ಬರು ವೇದಿಕೆಯ ಮೇಲೆ ನಿಂತು ಧರ್ಮದ ಮಾತಾಡುತ್ತಾರೆ, ಇನ್ನೊಬ್ಬರು ಹಿಂಬಾಗಿಲಲ್ಲಿ ಶಾಸಕರ ಕೈ ಬಿಸಿ ಮಾಡುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಭೇಟಿಯೇ ಆಗಿರುವುದಿಲ್ಲ.

ಯಾಂಡಲ್ ಹೇಳಿದ್ದು ಎಷ್ಟು ನಿಜ ಎನ್ನುವುದಕ್ಕೆ ಕ್ಯಾಲಿಫೋರ್ನಿಯಾದ ಉತ್ತರಕ್ಕೆ ಹೋಗಬೇಕು. ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಎಂಬ ಮೂರು ಜಿಲ್ಲೆಗಳು. ರೆಡ್‌ವುಡ್ ಮರಗಳ ಕಾಡು, ಕಾಡಿನೊಳಗೆ ಗುಟ್ಟಾಗಿ ಗಾಂಜಾ ತೋಟ. ಅಮೆರಿಕದ ಗಾಂಜಾ ಬೆಳೆಗೆ ಇದೇ ತವರು. 2010ರಲ್ಲಿ ಗಾಂಜಾವನ್ನು ಕಾನೂನುಬದ್ಧ ಮಾಡೋಣವೇ ಎಂದು ಕೇಳಿದಾಗ ಈ ಮೂರೂ ಜಿಲ್ಲೆಗಳಲ್ಲಿ ಬೇಡ ಎಂದವರೇ ಹೆಚ್ಚು! ಕಾನೂನು ಬಂದರೆ ಬೆಲೆ ಬೀಳುತ್ತದೆ, ದೊಡ್ಡ ಕಂಪನಿಗಳು ಬಂದು ನಮ್ಮನ್ನು ನುಂಗುತ್ತವೆ ಎಂಬ ಭಯ ಅಲ್ಲಿನ ಸಣ್ಣ ಬೆಳೆಗಾರರಿಗೆ. 2016ರಲ್ಲಿ ಕಾನೂನು ಬಂತು, ಆಮೇಲೆ ಬೆಲೆ ಬಿತ್ತು, ಎಷ್ಟೋ ಸಣ್ಣ ತೋಟಗಳು ಮುಚ್ಚಿದವು. ಅವರ ಭಯ ಸುಳ್ಳಾಗಲಿಲ್ಲ. ಕಾನೂನು ಮುರಿದು ಬದುಕಿದವರಾದರೂ ಅವರ ಬಗ್ಗೆ ನನಗೆ ಮರುಕವಿದೆ.

ಹಕ್ಕಿಗಳ ವಿಷಯ ಹೇಳದೆ ಮುಂದೆ ಹೋಗಲಾರೆ. 1937ರಲ್ಲಿ ಅಮೆರಿಕ ಮೊದಲ ಬಾರಿಗೆ ದೇಶಕ್ಕೆಲ್ಲ ಅನ್ವಯಿಸುವಂತೆ ಗಾಂಜಾವನ್ನು ತೆರಿಗೆಯ ಕಾನೂನಿನಲ್ಲಿ ಕಟ್ಟಿಹಾಕಿತು. ಮಾದಕದ್ರವ್ಯ ಇಲಾಖೆಯ ಹ್ಯಾರಿ ಆನ್‌ಸ್ಲಿಂಗರ್ ಅದರ ಹಿಂದೆ ಬಿದ್ದಿದ್ದರು. ಸಂಸತ್ತಿನ ಸಮಿತಿ ಅಹವಾಲು ಕೇಳಲು ಕುಳಿತಾಗ ವೈದ್ಯರ ಸಂಘದ ಪರವಾಗಿ ಡಾ. ವಿಲಿಯಂ ವುಡ್‌ವರ್ಡ್ ಬಂದು, ಸಾಕ್ಷ್ಯವಿಲ್ಲದೆ ಕಾನೂನು ಮಾಡಬೇಡಿ ಎಂದು ವಾದಿಸಿದರು. ಸದಸ್ಯರು ಅವರನ್ನೇ ಗದರಿಕೊಂಡರು. ಅದೇ ಸಮಿತಿಯ ಮುಂದೆ ಹಕ್ಕಿಕಾಳು ಮಾರುವವರ ಪ್ರತಿನಿಧಿಯೂ ಬಂದ. ಆ ಗಿಡದ ಬೀಜ ತಿಂದರೆ ಪಾರಿವಾಳಗಳಿಗೆ ಪುಕ್ಕ ಚೆನ್ನಾಗಿ ಬರುತ್ತದೆ, ಅದಿಲ್ಲದೆ ನಮಗೆ ನಡೆಯದು ಎಂದ. ಮೊಳೆಯದಂತೆ ಮಾಡಿದ ಬೀಜಕ್ಕೆ ವಿನಾಯಿತಿ ಸಿಕ್ಕಿತು. ವೈದ್ಯರ ಮಾತು ನಡೆಯದ ಕಡೆ ಹಕ್ಕಿಕಾಳಿನವರ ಮಾತು ನಡೆಯಿತು! ಆ ಕಾನೂನಿನ ಹಿಂದೆ ಪತ್ರಿಕಾ ಕುಬೇರ ಹರ್ಸ್ಟ್ ಮತ್ತು ಡ್ಯುಪಾಂಟ್ ಕಂಪನಿಯ ಸಂಚಿತ್ತು, ಸೆಣಬಿನಂತೆ ನಾರು ಕೊಡುವ ಈ ಗಿಡದಿಂದ ಅವರ ಕಾಗದಕ್ಕೂ ನೈಲಾನಿಗೂ ಪೆಟ್ಟು ಬೀಳುತ್ತಿತ್ತು ಎಂಬ ಕತೆಯೊಂದು ಓಡಾಡುತ್ತದೆ. ಕೇಳಲು ಚೆನ್ನಾಗಿದೆ. ಗಟ್ಟಿ ದಾಖಲೆ ಮಾತ್ರ ಯಾರ ಕೈಯಲ್ಲೂ ಇಲ್ಲ. ದುಡ್ಡಿನ ಜಾಡು ಹಿಡಿಯುವವರು ರಸೀದಿ ಇದ್ದಲ್ಲಿ ಮಾತ್ರ ನಿಲ್ಲಬೇಕು.

ನಮ್ಮ ದೇಶದಲ್ಲಿ ಇದಕ್ಕಿಂತ ಮೊದಲೇ ಒಂದು ದೊಡ್ಡ ವಿಚಾರಣೆ ನಡೆದಿತ್ತು. ಭಾರತದ ಜನ ಗಾಂಜಾದಿಂದ ಹುಚ್ಚರಾಗುತ್ತಿದ್ದಾರೆ ಎಂದು ಬ್ರಿಟಿಷ್ ಸಂಸತ್ತಿನಲ್ಲಿ ಪಾನನಿಷೇಧದವರು ಗದ್ದಲ ಎಬ್ಬಿಸಿದ್ದರಿಂದ 1893ರಲ್ಲಿ ಒಂದು ಆಯೋಗ ನೇಮಕವಾಯಿತು. 1,193 ಸಾಕ್ಷಿಗಳನ್ನು ಕೇಳಿದರು, ಹುಚ್ಚಾಸ್ಪತ್ರೆಗಳ ಕಡತ ತೆಗೆಸಿದರು. ನೋಡಿದರೆ, ರೋಗಿಯ ಕಾಯಿಲೆಗೆ ಕಾರಣ ತಿಳಿಯದಾಗ ಕಡತದಲ್ಲಿ ‘ಗಾಂಜಾ’ ಎಂದು ಬರೆದುಬಿಡುವ ರೂಢಿ ಬೆಳೆದಿತ್ತು! ಮಿತವಾಗಿ ಸೇವಿಸುವವರಿಗೆ ಹೆಚ್ಚಿನ ಕೇಡಿಲ್ಲ, ನಿಷೇಧ ಬೇಡ, ಸುಂಕ ಹಾಕಿ ಹತೋಟಿಯಲ್ಲಿಡಿ ಎಂದು 1894ರಲ್ಲಿ ಏಳು ಸಂಪುಟಗಳ ವರದಿ ಬಂತು. ಆ ಸುಂಕ ಬ್ರಿಟಿಷರ ಖಜಾನೆಗೇ ಹೋಗುತ್ತಿತ್ತು ಎಂಬುದನ್ನೂ ಹೇಳಬೇಕು. ಲೆಕ್ಕ ಕೇಳುವುದಾದರೆ ಎರಡೂ ಕಡೆಯವರನ್ನು ಕೇಳಬೇಕಲ್ಲ. ನಮ್ಮಲ್ಲಿ 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂದಾಗ ಗಾಂಜಾ, ಚರಸ್ ನಿಷಿದ್ಧವಾದವು, ಭಂಗಿ ಎಲೆ ಹೊರಗುಳಿಯಿತು. ಆದರೂ ಯಾದಗಿರಿಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರು ಗಾಂಜಾವನ್ನು ಪ್ರಸಾದವೆಂದು ಸೇದುವುದನ್ನು ಪತ್ರಿಕೆಗಳು ಬರೆದಿವೆ. ಸಂಸತ್ತು ಇರಲಿ, ಜಾತ್ರೆ ಇರಲಿ, ಈ ಗಿಡ ಮನುಷ್ಯರನ್ನು ಬಿಟ್ಟದ್ದಿಲ್ಲ.

ಇನ್ನು ಇಬ್ಬರು ಶ್ರೀಮಂತರ ಕತೆ. ನನಗೆ ಈ ವಿಷಯದಲ್ಲೆಲ್ಲ ಮನಸ್ಸು ತಾಗಿದ್ದು ಇದೇ. 2014ರಲ್ಲಿ ಫ್ಲಾರಿಡಾದಲ್ಲಿ ಔಷಧಿಗಾಗಿ ಗಾಂಜಾ ಬೇಕೇ ಎಂದು ಮತದಾನ. ಬೇಡ ಎನ್ನುವ ಕಡೆ ಲಾಸ್ ವೇಗಾಸಿನ ಜೂಜಿನ ಅರಮನೆಗಳ ಒಡೆಯ ಶೆಲ್ಡನ್ ಅಡೆಲ್ಸನ್. ಒಬ್ಬರೇ 55 ಲಕ್ಷ ಡಾಲರ್ ಕೊಟ್ಟರು. ಬೋಸ್ಟನ್ನಿನ ಟ್ಯಾಕ್ಸಿ ಚಾಲಕರ ಮಗ, ಕೈಯಾರೆ ದುಡಿದು ಬೆಳೆದವರು. ಬೇಕು ಎನ್ನುವ ಕಡೆ ಆರ್ಲ್ಯಾಂಡೊದ ವಕೀಲ ಜಾನ್ ಮಾರ್ಗನ್. ಅವರೂ ಲಕ್ಷಗಟ್ಟಲೆ ಸುರಿದರು. ಜೂಜುಕೋರರಿಗೆ ನೀತಿಯ ಮಾತು ಯಾಕೆ ಎಂದು ಅಡೆಲ್ಸನ್ನರನ್ನು ಹಳಿದವರು ಬಹಳ. ಆದರೆ ಅಡೆಲ್ಸನ್ನರ ಮಗ 2005ರಲ್ಲಿ ಮಾದಕದ್ರವ್ಯದ ಅತಿಸೇವನೆಯಿಂದ ತೀರಿಕೊಂಡಿದ್ದ. ಹೆಂಡತಿ ಮಿರಿಯಂ ವ್ಯಸನಕ್ಕೆ ಚಿಕಿತ್ಸೆ ಕೊಡುವ ವೈದ್ಯೆ. ಇಬ್ಬರೂ ಸೇರಿ ಅದಕ್ಕಾಗಿಯೇ ಚಿಕಿತ್ಸಾಲಯ ನಡೆಸುತ್ತಿದ್ದರು. ಇತ್ತ ಮಾರ್ಗನ್ನರ ತಮ್ಮ ಹದಿನೆಂಟರ ಹರೆಯದಲ್ಲಿ ಈಜುಗಾರರ ಕಾವಲಿನ ಕೆಲಸದಲ್ಲಿದ್ದಾಗ ಅಪಘಾತವಾಗಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡವರು. ಅವರ ನೋವಿಗೆ ಗಾಂಜಾದಿಂದಲೇ ಆರಾಮ ಸಿಗುತ್ತಿತ್ತು. ಒಬ್ಬರು ಮಗನನ್ನು ಕಳೆದುಕೊಂಡ ದುಃಖಕ್ಕೆ ದುಡ್ಡು ಹಾಕಿದರು, ಇನ್ನೊಬ್ಬರು ತಮ್ಮನ ನೋವು ಕಂಡು ಹಾಕಿದರು. ಯಾರ ಕಡೆ ನಿಲ್ಲುತ್ತೀರಿ? ನಾನು ಇಬ್ಬರಿಗೂ ಕೈಮುಗಿಯುತ್ತೇನೆ. ನೂರಕ್ಕೆ 57 ಜನ ಬೇಕು ಎಂದರೂ ಅಲ್ಲಿ 60 ಬೇಕಿತ್ತಾದ್ದರಿಂದ ಪ್ರಸ್ತಾವ ಬಿದ್ದಿತು. 2016ರಲ್ಲಿ ಮತ್ತೆ ಬಂದು 71 ಪಡೆದು ಗೆದ್ದಿತು.

ಅಡೆಲ್ಸನ್ನರ ದುಃಖಕ್ಕೆ ತಲೆಬಾಗಿದರೂ ಅವರು ಪತ್ರಿಕೆ ಕೊಂಡ ರೀತಿ ನನಗೆ ಒಪ್ಪಿಗೆಯಿಲ್ಲ. 2015ರ ಡಿಸೆಂಬರಿನಲ್ಲಿ ನೆವಾಡಾದ ಅತಿ ದೊಡ್ಡ ಪತ್ರಿಕೆ ಲಾಸ್ ವೇಗಾಸ್ ರಿವ್ಯೂ ಜರ್ನಲ್ 14 ಕೋಟಿ ಡಾಲರಿಗೆ ಮಾರಾಟವಾಯಿತು. ಕೊಂಡವರು ಯಾರು ಎಂದು ಆ ಪತ್ರಿಕೆಯ ವರದಿಗಾರರಿಗೇ ಹೇಳಲಿಲ್ಲ! ಪಾಪ, ಅವರೇ ಬೆನ್ನುಹತ್ತಿ ತಮ್ಮ ಧಣಿ ಅಡೆಲ್ಸನ್ ಕುಟುಂಬವೆಂದು ಪತ್ತೆ ಮಾಡಿ ತಮ್ಮ ಪತ್ರಿಕೆಯಲ್ಲೇ ಬರೆದರು. ಎಂಥ ಎದೆಗಾರಿಕೆ ನೋಡಿ. ಅದುವರೆಗೆ ಗಾಂಜಾ ಕಾನೂನುಬದ್ಧವಾಗಲಿ ಎನ್ನುತ್ತಿದ್ದ ಸಂಪಾದಕೀಯ ಮರುವರ್ಷ ಬೇಡ ಎಂದಿತು. ಅಲ್ಲಿನ ಜನ ಮಾತ್ರ ಬೇಕು ಎಂದೇ ಮತ ಹಾಕಿದರು.

ಬೋಸ್ಟನ್ನಿನ ಕ್ಯಾಥೊಲಿಕ್ ಮಹಾಧರ್ಮಪ್ರಾಂತವೂ 2016ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಬೇಡ ಎನ್ನುವವರಿಗೆ 8 ಲಕ್ಷ 50 ಸಾವಿರ ಡಾಲರ್ ಕೊಟ್ಟಿತು, ತನ್ನ ಹೆಸರು ಹೇಳಿಯೇ ಕೊಟ್ಟಿತು. ನಂಬಿಕೆಯಿಂದ ಕೊಡುವವರು ಹೀಗೆ ಕೊಡಬೇಕು.

ನನಗೆ ಎಲ್ಲಕ್ಕಿಂತ ಸಂಕಟವಾದದ್ದು 2024ರ ಫ್ಲಾರಿಡಾ. ಈ ಸಲದ ಮತದಾನ ಔಷಧಿಗಲ್ಲ, ದೊಡ್ಡವರು ಸೇದಬಹುದೇ ಎಂದು. ಬೇಕು ಎನ್ನುವ ಕಡೆ ಟ್ರುಲೀವ್ ಎಂಬ ಗಾಂಜಾ ಕಂಪನಿಯೊಂದೇ 14 ಕೋಟಿ ಡಾಲರಿಗೂ ಹೆಚ್ಚು ಚೆಲ್ಲಿತ್ತು. ಅಷ್ಟು ದುಡ್ಡು ಹಾಕಿದವರು ಅದನ್ನು ವಾಪಸು ಪಡೆಯದೆ ಬಿಡುವರೇ? ಬೇಡ ಎನ್ನುವ ಕಡೆ ಕೆನ್ ಗ್ರಿಫಿನ್ ಎಂಬ ಹೂಡಿಕೆ ಕುಬೇರರು 1 ಕೋಟಿ 20 ಲಕ್ಷ ಡಾಲರ್ ಕೊಟ್ಟರು, ಕಾರಣವನ್ನು ಪತ್ರಿಕೆಯಲ್ಲೇ ಬರೆದರು. ಇಲ್ಲಿಯವರೆಗೆ ಸರಿ. ಆದರೆ ಬಡವರ ವೈದ್ಯಕೀಯ ಯೋಜನೆಯ ವಿಷಯದಲ್ಲಿ ಸೆಂಟೀನ್ ಎಂಬ ಕಂಪನಿ ರಾಜ್ಯದೊಡನೆ 6 ಕೋಟಿ 70 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತ್ತು. ಅದರಲ್ಲಿ 1 ಕೋಟಿ ಡಾಲರ್ ಗವರ್ನರ್ ಪತ್ನಿಯ ಹೆಸರಿನೊಂದಿಗೆ ಬೆಸೆದುಕೊಂಡ ಹೋಪ್ ಫ್ಲಾರಿಡಾ ಪ್ರತಿಷ್ಠಾನಕ್ಕೆ ಹೋಯಿತು. ಪ್ರತಿಷ್ಠಾನ ಅದನ್ನು ಅರ್ಧರ್ಧ ಮಾಡಿ ಎರಡು ಸಂಸ್ಥೆಗಳಿಗೆ ಕೊಟ್ಟಿತು. ಆ ಸಂಸ್ಥೆಗಳು ಅದರ ಬಹುಪಾಲನ್ನು ಗಾಂಜಾ ವಿರೋಧಿ ಸಮಿತಿಗೆ ದಾಟಿಸಿದವು. ಸಮಿತಿ ನಡೆಸುತ್ತಿದ್ದವರು ಗವರ್ನರರ ಮುಖ್ಯ ಸಹಾಯಕರು. ಎಲ್ಲ ಕ್ರಮಬದ್ಧವೇ ಎಂದು ಗವರ್ನರ್ ಸಮರ್ಥಿಸಿಕೊಂಡರು. 2025ರಲ್ಲಿ ಸುದ್ದಿ ಹೊರಬಿದ್ದ ಮೇಲೆ ಅಪರಾಧ ತನಿಖೆ ಶುರುವಾಯಿತು. ಬಡರೋಗಿಗಳ ಹೆಸರಿನ ದುಡ್ಡು ಮೂರು ಕೈ ಬದಲಿಸಿ ಜಾಹೀರಾತಾಗುವುದು, ಗಾಂಜಾ ಬೇಕೆನ್ನಿ ಬೇಡವೆನ್ನಿ, ತಪ್ಪು. ನೂರಕ್ಕೆ ಸುಮಾರು 56 ಜನ ಬೇಕು ಎಂದರು, 60 ಮುಟ್ಟದ್ದರಿಂದ ಪ್ರಸ್ತಾವ ಬಿದ್ದಿತು.

ಒಂದು ಸಮಾಧಾನವಿದೆ. ಇಷ್ಟೆಲ್ಲ ನಾನು ಹೇಳಲು ಸಾಧ್ಯವಾದದ್ದು ಅಲ್ಲಿ ಕೊಟ್ಟವರ ಹೆಸರನ್ನು ದಾಖಲೆಗೆ ಬರೆಸಬೇಕು ಎಂಬ ಕಾನೂನು ಇರುವುದರಿಂದ. ನಮ್ಮಲ್ಲಿ ಚುನಾವಣಾ ಬಾಂಡುಗಳ ಕೊಡುಗೈಗಳು ಯಾರೆಂದು ತಿಳಿಯಲು ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ರಂದು ಆ ಯೋಜನೆಯನ್ನೇ ರದ್ದು ಮಾಡಬೇಕಾಯಿತು. ಪಟ್ಟಿ ಹೊರಬಂದಾಗ ಮೊದಲ ಸ್ಥಾನದಲ್ಲಿ 1,368 ಕೋಟಿ ರೂಪಾಯಿ ಕೊಟ್ಟ ಲಾಟರಿ ಕಂಪನಿ ಇತ್ತು. ಅಷ್ಟು ವರ್ಷ ಆ ಹೆಸರು ನಮಗೆ ಗೊತ್ತಾಗದಂತೆ ಇಟ್ಟಿದ್ದರು.

ನಿಮ್ಮ ಮಗನೋ ಮಗಳೋ ಅಮೆರಿಕದಲ್ಲಿ ಮತ ಹಾಕುವವರಾಗಿದ್ದರೆ, ಮುಂದಿನ ಸಲ ಫೋನಿನಲ್ಲಿ ಮಾತಾಡುವಾಗ ಒಂದು ಮಾತು ಹೇಳಿ. ಮನೆಗೆ ಬರುವ ಕರಪತ್ರದ ತುದಿಯಲ್ಲಿ, ಇದಕ್ಕೆ ಹಣ ಕೊಟ್ಟವರು ಯಾರು ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಮೊದಲು ಓದಲಿ. ಅಲ್ಲಿ ಬರೀ ಸಮಿತಿಯ ಹೆಸರಿದ್ದರೆ, ಆ ಸಮಿತಿಗೆ ಕೊಟ್ಟವರ ಪಟ್ಟಿಯನ್ನು ರಾಜ್ಯದ ಚುನಾವಣಾ ವಿಭಾಗದ ಜಾಲತಾಣದಲ್ಲಿ ತೆರೆದು ನೋಡಲಿ. ಆಮೇಲೆ ಬೇಕು ಎನ್ನಲಿ, ಬೇಡ ಎನ್ನಲಿ, ಅದು ಅವರಿಗೆ ಬಿಟ್ಟದ್ದು.